ನಿಮ್ಮ ತೋಟದ ಮರ, ನಿಮ್ಮ ಮಗುವಿನ ಪುಸ್ತಕ

ಪ್ರಿಯ ಪೋಷಕರೇ,

ನಮಸ್ಕಾರ. ಡಿಸೆಂಬರ್ ಮೊದಲ ವಾರದಿಂದ ನಮ್ಮ ಶಾಲೆಯ 8 ಮತ್ತು 9ನೇ ತರಗತಿ ಮಕ್ಕಳು ವಿಜ್ಞಾನಿಗಳ ಜೊತೆ ಸೇರಿ ಒಂದು ಕೆಲಸ ಶುರು ಮಾಡುತ್ತಿದ್ದಾರೆ. ಪ್ರತಿಯೊಬ್ಬರೂ ಒಂದು ಮರ ಆರಿಸಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಅದರ ಹತ್ತಿರ ಹೋಗಿ ಚಿಗುರು, ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣು ನೋಡಿ ಬರೆದಿಡುತ್ತಾರೆ. ಯೋಜನೆಯ ಹೆಸರು ಸೀಸನ್‌ವಾಚ್. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ ಶುರು ಮಾಡಿದ್ದು. ಕೇರಳದಲ್ಲಿ ಎಷ್ಟೋ ಶಾಲೆಗಳ ಮಕ್ಕಳು ವರ್ಷಗಳಿಂದ ಇದರಲ್ಲಿದ್ದಾರೆ.

"ಶ್ರೀನಿವಾಸಪುರದ ಕಡೆ ಹುಟ್ಟಿದ ಮಕ್ಕಳಿಗೆ ಮಾವಿನ ಮರ ನೋಡೋದನ್ನು ಶಾಲೇಲಿ ಹೇಳಿಕೊಡಬೇಕಾ ಮೇಡಂ?" ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆ. ಮಾವಿನ ವಿಷಯದಲ್ಲಿ ನಿಮಗೆ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ, ಮಕ್ಕಳಿಗೂ ಗೊತ್ತಿಲ್ಲ. ರಾತ್ರಿ ಚಳಿ ಚೆನ್ನಾಗಿ ಬಿದ್ದರೆ ಹೂವು ಬರುತ್ತದೆ, ಚಳಿ ಕಮ್ಮಿಯಾದರೆ ಹೂವಿನ ಬದಲು ಚಿಗುರೇ ಒಡೆಯುತ್ತದೆ, ಹೂವಿನ ಹೊತ್ತಲ್ಲಿ ಮೋಡ ಮುಚ್ಚಿ ಮಳೆ ಹನಿದರೆ ಬೂದಿ ರೋಗ ಹೆಚ್ಚುತ್ತದೆ. ಇದೆಲ್ಲ ನಿಮ್ಮ ಬಾಯಲ್ಲೇ ಇದೆ. ಆದರೆ "ಈ ಸಲ ಹೂವು ಲೇಟು" ಅಂತೀವಲ್ಲ, ಎಷ್ಟು ದಿನ ಲೇಟು? ಯಾವ ವರ್ಷಕ್ಕೆ ಹೋಲಿಸಿದರೆ? ಹತ್ತು ವರ್ಷದ ಹಿಂದೆ ನಿಮ್ಮ ತೋಟದ ತೋತಾಪುರಿ ಯಾವ ವಾರ ಹೂ ಬಿಟ್ಟಿತ್ತು? ನೆನಪಿನಿಂದ ಹೇಳಿದರೆ ಒಂದೇ ಮನೆಯಲ್ಲಿ ಅಜ್ಜ ಒಂದು ಹೇಳುತ್ತಾರೆ, ಚಿಕ್ಕಪ್ಪ ಒಂದು ಹೇಳುತ್ತಾರೆ.

ವಿಜ್ಞಾನಿಗಳಿಗೆ ಬೇಕಾಗಿರುವುದು ತಾರೀಖು ಹಾಕಿ ಬರೆದಿಟ್ಟ ಲೆಕ್ಕ. ಮಳೆಗೆ ನಮ್ಮಲ್ಲಿ ಅಂಥ ಲೆಕ್ಕ ಇದೆ. ಭಾರತದ ಹವಾಮಾನ ಇಲಾಖೆ ಶುರುವಾಗಿದ್ದೇ 1875ರಲ್ಲಿ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂವು ಯಾವಾಗ ಪೂರ್ತಿ ಅರಳಿತು ಎಂಬುದಕ್ಕೆ ಸಾವಿರದ ಇನ್ನೂರು ವರ್ಷಗಳ ದಾಖಲೆ ಇದೆ. ಅರಮನೆಯವರು, ಸನ್ಯಾಸಿಗಳು ದಿನಚರಿಯಲ್ಲಿ ಸುಮ್ನೆ ಬರೆದಿಟ್ಟಿದ್ದು ಅದು. 2021ರಲ್ಲಿ ಮಾರ್ಚ್ 26ಕ್ಕೇ ಹೂವು ತುಂಬಿ ಅರಳಿದಾಗ, ಇಷ್ಟು ಬೇಗ ಯಾವತ್ತೂ ಆಗಿರಲಿಲ್ಲ ಎಂದು ಅಲ್ಲಿನ ವಿಜ್ಞಾನಿಗಳು ಧೈರ್ಯವಾಗಿ ಹೇಳಿದ್ದು ಆ ಬರಹದ ಬಲದಿಂದ. ನಮ್ಮೂರಿನ ಮಾವು, ಹುಣಸೆ, ಹೊಂಗೆಗೆ ಅಂಥ ಪುಸ್ತಕ ಇಲ್ಲ. ದೇಶದ ತುಂಬ ಇರುವ ಮರಗಳನ್ನು ವಾರವಾರ ನೋಡಲು ವಿಜ್ಞಾನಿಗಳ ಕೈಯಲ್ಲಿ ಆಗುವುದಿಲ್ಲ. ಮಕ್ಕಳ ಕೈಯಲ್ಲಿ ಆಗುತ್ತದೆ. ಅದಕ್ಕೇ ಇದನ್ನು ಆಟದ ಪ್ರಾಜೆಕ್ಟ್ ಎಂದುಕೊಳ್ಳಬೇಡಿ. ಮಕ್ಕಳು ಬರೆದಿದ್ದು ನಿಜವಾಗಿ ಲೆಕ್ಕಕ್ಕೆ ಸೇರುತ್ತದೆ.

ಕೆಲಸ ಸುಲಭ. ಇಡೀ ಮರವನ್ನು ಕಣ್ಣಲ್ಲೇ ಮೂರು ಪಾಲು ಮಾಡಿಕೊಳ್ಳಬೇಕು. ಒಂದು ಪಾಲಿಗಿಂತ ಕಮ್ಮಿ ಹೂವಿದ್ದರೆ "ಸ್ವಲ್ಪ", ಜಾಸ್ತಿ ಇದ್ದರೆ "ತುಂಬಾ", ಒಂದೂ ಇಲ್ಲದಿದ್ದರೆ "ಇಲ್ಲ". ಕಳೆದ ವಾರ ಶಾಲೆ ಹಿಂದಿನ ಹುಣಸೆ ಮರದಲ್ಲಿ ಅಭ್ಯಾಸ ಮಾಡಿಸಿದೆವು. 8ನೇ ತರಗತಿಯ ಹುಡುಗನೊಬ್ಬ ಮರದಲ್ಲಿ ಒಂದು ಹೂವೂ ಇಲ್ಲದಿದ್ದರೂ "ಸ್ವಲ್ಪ" ಎಂದು ಬರೆದಿದ್ದ. ಯಾಕಪ್ಪಾ ಎಂದರೆ, "ಇಲ್ಲ ಅಂತ ಬರೆದರೆ ತಪ್ಪಾಗುತ್ತೇನೋ ಅಂದುಕೊಂಡೆ ಮಿಸ್" ಎಂದ. ಪಕ್ಕದಲ್ಲಿದ್ದ ಹುಡುಗಿ ಮರವನ್ನು ಸುತ್ತು ಹಾಕಿ, ಬಿಸಿಲಿಗೆ ಕೈ ಅಡ್ಡ ಹಿಡಿದು ತುದಿಕೊಂಬೆಯವರೆಗೂ ನೋಡಿ, "ಹೂವು: ಇಲ್ಲ. ಕಾಯಿ: ತುಂಬಾ" ಎಂದು ಬರೆದಳು. ನನಗೆ ಬೇಕಾಗಿರುವುದು ಆ ಬರಹ. ಹೂವು ಯಾವಾಗ ಬಂತು ಎಂದು ಗೊತ್ತಾಗಬೇಕಾದರೆ, ಅದರ ಹಿಂದಿನ ವಾರ ಹೂವು ಇರಲಿಲ್ಲ ಎಂದು ಯಾರಾದರೂ ಬರೆದಿರಬೇಕು, ಅಲ್ವಾ?

ಹಾಗಾಗಿ ನಿಮ್ಮಲ್ಲಿ ನನ್ನ ಮುಖ್ಯ ವಿನಂತಿ ಇದು: ಮಗುವಿಗೆ ಉತ್ತರ ಹೇಳಿಕೊಡಬೇಡಿ. ಜೊತೆಗೆ ಹೋಗಿ, ಮರದ ಕೆಳಗೆ ನಿಲ್ಲಿ, ನಿಮ್ಮ ಕಾಲದ ಬೆಳೆಯ ಕಥೆ ಎಷ್ಟು ಬೇಕಾದರೂ ಹೇಳಿ. ಬರೆಯುವುದು ಮಾತ್ರ ಮಗು ಕಣ್ಣಾರೆ ಕಂಡದ್ದೇ ಆಗಿರಲಿ. ಒಂದು ವಾರ ತಪ್ಪಿದರೆ ಆ ಸಾಲು ಖಾಲಿ ಇರಲಿ, ಅಂದಾಜಿನಲ್ಲಿ ತುಂಬಿಸುವುದು ಬೇಡ. ಇದಕ್ಕೆ ಅಂಕಗಳಿಲ್ಲ. ಹೂವು ಬಂದ ಮರದ ಮಗುವಿಗೆ ಶಹಬ್ಬಾಸ್, ಬಾರದ ಮರದ ಮಗುವಿಗೆ ಬೈಗುಳ ಎಂಬುದೂ ಇಲ್ಲ.

ಔಷಧಿ ಹೊಡೆದ ದಿನ ಮಕ್ಕಳನ್ನು ತೋಟಕ್ಕೆ ಖಂಡಿತ ಬಿಡಬೇಡಿ. ಹೂವಿನ ಹೊತ್ತಿನಲ್ಲಿ ಜಿಗಿಹುಳಕ್ಕೆ ಔಷಧಿ ಹೊಡೆಯುತ್ತೀರಿ ಎಂದು ಗೊತ್ತು. ಮೊದಲೇ ತಿಳಿಸಿದರೆ ಆ ವಾರದ ದಿನ ಬದಲಿಸುತ್ತೇವೆ. ಮರ ಹತ್ತುವಂತಿಲ್ಲ, ನೆಲದ ಮೇಲೆ ನಿಂತು ಕಂಡಷ್ಟೇ ಸಾಕು. ಜೇನುಗೂಡಿರುವ ಮರ ಬೇಡ. ಕಡಿಯಬೇಕೆಂದಿರುವ ಮರವನ್ನು ಮಗು ಆರಿಸಿಕೊಂಡಿದ್ದರೆ ದಯವಿಟ್ಟು ಈಗಲೇ ಹೇಳಿ. ಫೋನ್ ಕೊಡಿಸಬೇಕಿಲ್ಲ. ಮಕ್ಕಳು ಪುಸ್ತಕದಲ್ಲಿ ಬರೆದು ತಂದರೆ ವಿಜ್ಞಾನ ಶಿಕ್ಷಕರು ಶಾಲೆಯ ಕಂಪ್ಯೂಟರಿನಲ್ಲಿ ಏರಿಸುತ್ತಾರೆ.

ಕಷ್ಟ ಇರುವುದು ಬೇಸಿಗೆ ರಜೆಯಲ್ಲಿ. ಮಕ್ಕಳು ಅಜ್ಜಿ ಮನೆಗೆ ಹೊರಡುತ್ತಾರೆ, ಕಾಯಿ ಬಲಿತು ಹಣ್ಣಾಗುವುದೂ ಅದೇ ಹೊತ್ತಿಗೆ. ಆ ವಾರಗಳಲ್ಲಿ ಮನೆಯಲ್ಲಿ ಒಬ್ಬರು ಮರ ನೋಡಿ ಪುಸ್ತಕದಲ್ಲಿ ಬರೆಯಬೇಕು. ಯಾರು ಬರೆಯುತ್ತೀರಿ ಎಂದು ಈ ಪತ್ರದ ಕೆಳಗಿನ ಜಾಗದಲ್ಲಿ ಹೆಸರು ಬರೆದು, ಸಹಿ ಮಾಡಿ, ಸೋಮವಾರದೊಳಗೆ ಮಗುವಿನ ಕೈಲಿ ಕಳಿಸಿಕೊಡಿ. ಓದು ಬರಹ ಬಾರದ ಅಜ್ಜ ಅಜ್ಜಿಯರಿದ್ದರೂ ಪರವಾಗಿಲ್ಲ. ಹೂವು, ಕಾಯಿ, ಎಲೆಯ ಚಿತ್ರ ಇರುವ ಹಾಳೆ ಕೊಡುತ್ತೇವೆ, ಅದರ ಮೇಲೆ ಗುರುತು ಹಾಕಿದರಾಯಿತು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ