ಆ ರಾತ್ರಿ ಅಪ್ಪನಿಗೆ ಪಂದ್ಯ ಕಾಣಿಸಿದವರಿಗೆ

1996ರ ಮಾರ್ಚ್ 9. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ಸೋತವರು ಮನೆಗೆ. ಅಪ್ಪನಿಗೆ ಗ್ಲಾಕೋಮಾದಿಂದ ದೃಷ್ಟಿ ಹೋಗಿತ್ತು. ಆದರೂ ಆ ಜನರ ನಡುವೆ ಕೂರಬೇಕೆಂಬ ಆಸೆ. ಗೇಟಿನ ನೂಕುನುಗ್ಗಲಿನಲ್ಲಿ ನಮ್ಮ ಟ್ರಾನ್ಸಿಸ್ಟರ್ ಬಿದ್ದು ಮೂಕವಾಯಿತು. ಆ ಗದ್ದಲದಲ್ಲಿ ನಾನು ಹೇಳಿದ್ದೂ ಅಪ್ಪನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಪಕ್ಕದಲ್ಲಿದ್ದ ನೀವು ಏನನ್ನೂ ಕೇಳದೆ ನಿಮ್ಮ ರೇಡಿಯೊವನ್ನು ಅವರ ಕಿವಿಗೆ ಹಿಡಿದಿರಿ. ಕೈ ಸೋತಾಗ ಕೈ ಬದಲಿಸಿದಿರಿ, ರೇಡಿಯೊ ಮಾತ್ರ ಕದಲಲಿಲ್ಲ. ವಕಾರ್ ಯೂನಿಸ್ ಬೌಲಿಂಗಿಗೆ ಅಜಯ್ ಜಡೇಜಾ ಬಾರಿಸುತ್ತಿದ್ದಾಗ, ಚೆಂಡು ಹೋದ ದಿಕ್ಕಿಗೆ ಅಪ್ಪನ ತೋಳನ್ನು ಮೆಲ್ಲಗೆ ತಿರುಗಿಸುತ್ತಿದ್ದಿರಿ. ಆ ಉಪಾಯ ನನಗೆ ಎಂದೂ ಹೊಳೆದಿರಲಿಲ್ಲ.

ಭಾರತದ 287 ರನ್‌ಗಳ ಬೆನ್ನಟ್ಟಿದ ಪಾಕಿಸ್ತಾನದ ಸಯೀದ್ ಅನ್ವರ್, ಆಮಿರ್ ಸೊಹೈಲ್ ಆಟಕ್ಕೆ ಕ್ರೀಡಾಂಗಣವೇ ತಣ್ಣಗಾಗಿತ್ತು. ಸೊಹೈಲ್ ಬೌಂಡರಿ ಹೊಡೆದು, ಬ್ಯಾಟ್ ಚಾಚಿ ವೆಂಕಟೇಶ್ ಪ್ರಸಾದರಿಗೆ ಆ ದಿಕ್ಕನ್ನೇ ತೋರಿಸಿದ. ಮರುಚೆಂಡಿಗೇ ಬೌಲ್ಡ್! "ಯಜಮಾನರೇ, ಆಫ್ ಸ್ಟಂಪ್ ಹಾರಿತು" ಎಂದು ಅಪ್ಪನ ಅಂಗೈಯಲ್ಲಿ ಮೂರು ಗೆರೆ ಎಳೆದು, ಒಂದನ್ನು ಬೆರಳಿನಿಂದ ಅತ್ತ ತಳ್ಳಿದಿರಿ. ಅಪ್ಪ ಎದ್ದು ನಿಂತು ಕೂಗಿದರು. ದೃಷ್ಟಿ ಹೋದ ಮೇಲೆ ಅವರು ಹಾಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಎದೆಯ ಭಾರ ಇಳಿಯಿತು.

39 ರನ್‌ಗಳಿಂದ ಗೆದ್ದ ಮೇಲೆ, ಜನಸಂದಣಿಯಲ್ಲಿ ನಮಗೆ ದಾರಿ ಬಿಡಿಸುತ್ತ ಶಿವಾಜಿನಗರದ ಬಸ್ಸಿನವರೆಗೂ ಬಂದಿರಿ. ಹೆಸರು ಕೇಳುವ ಮೊದಲೇ ಬಸ್ ಹೊರಟಿತು. ಆಮೇಲೆ ಅಪ್ಪ ಯಾರಿಗೆ ಆ ಪಂದ್ಯದ ಕಥೆ ಹೇಳಿದರೂ "ನಾನು ನೋಡಿದೆ" ಎಂದೇ ಹೇಳುತ್ತಿದ್ದರು. ನಿಮಗೆ ನಮ್ಮಿಬ್ಬರ ಧನ್ಯವಾದ.