ಆರ್ಕಿಡ್ ಬಾಟಲಿಗೆ ಗೊಬ್ಬರದ ಮಾಧ್ಯಮ

ಎಲ್ಲರಿಗೂ ನಮಸ್ಕಾರ. ಆರ್ಕಿಡ್ ಬೀಜವನ್ನು ಬಾಟಲಿಯೊಳಗೆ ಮೊಳೆಯಿಸುವ ಮಾಧ್ಯಮಕ್ಕೆ, ಅಂದರೆ ಪೋಷಕಾಂಶ ಇರುವ ಜೆಲ್ಲಿಗೆ, ದುಬಾರಿ ರೆಡಿಮೇಡ್ ಪುಡಿಯೇ ಆಗಬೇಕೆಂದಿಲ್ಲ. ನೀರಲ್ಲಿ ಪೂರ್ತಿ ಕರಗುವ 20-20-20 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಗೊಬ್ಬರದಲ್ಲೂ ಆರ್ಕಿಡ್ ಬೀಜ ಮೊಳೆಯುತ್ತದೆ. ಲೀಟರಿಗೆ ಗೊಬ್ಬರ 1–2 ಗ್ರಾಂ, ಸಕ್ಕರೆ 20, ಅಗಾರ್ (ಜೆಲ್ಲಿಯಂತೆ ಗಟ್ಟಿ ಮಾಡುವ ಕಡಲಪಾಚಿ ಪುಡಿ) 7–8 ಗ್ರಾಂ ಸಾಕು. ಸಕ್ಕರೆ ಬಿಡಬೇಡಿ, ಈ ಬೀಜದಲ್ಲಿ ಆಹಾರದ ದಾಸ್ತಾನು ಇಲ್ಲವೆನ್ನುವಷ್ಟು ಕಡಿಮೆ ಅಲ್ವಾ? ಎಳನೀರು 100–150 ಮಿಲಿ ಹಾಕಿ, ಅದರಲ್ಲಿ ಸೈಟೋಕೈನಿನ್ ಎಂಬ ಸಸ್ಯ ಬೆಳವಣಿಗೆಯ ಹಾರ್ಮೋನ್ ಇದೆ. ಬಾಳೆಹಣ್ಣಿನ ತಿರುಳು ಮಾತ್ರ ಮೊಳಕೆ ಹಂತಕ್ಕೆ ಬೇಡ. ಸಸಿಗಳನ್ನು ಬೇರೆ ಬಾಟಲಿಗೆ ಹಾಕುವಾಗ ಸೇರಿಸಿ.

ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 5.5ರ ಆಸುಪಾಸು ಇರಲಿ. ಎಲ್ಲಾ ಬೆರೆಸಿದ ಮೇಲೆ ನೋಡಿ, ಮೊದಲೇ ಅಲ್ಲ. ಹುಳಿ ಜಾಸ್ತಿಯಾದರೆ ಅಗಾರ್ ಗಟ್ಟಿಯಾಗುವುದಿಲ್ಲ. ಸೂಕ್ಷ್ಮಾಣುಗಳು ಸಾಯಲು ಮಾಧ್ಯಮದ ಬಾಟಲಿಗಳನ್ನು ಕುಕ್ಕರಿನಲ್ಲಿ 15 ಪಿಎಸ್‌ಐ ಒತ್ತಡದಲ್ಲಿ 20 ನಿಮಿಷ ಇಡಿ. ಆಮೇಲೆ ಒಂದು ವಾರ ಬಾಟಲಿಗಳನ್ನು ಸುಮ್ನೆ ಇಟ್ಟು ನೋಡಿ. ಬಿಳಿ ಬೂಷ್ಟು ಕಂಡದ್ದನ್ನು ತೆರೆಯದೆ ಮತ್ತೆ ಕುಕ್ಕರಿಗೆ ಹಾಕಿ, ನಂತರವೇ ಚೆಲ್ಲಿ.