ಮಕ್ಕಳ ತಪ್ಪೇನು?

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ದಾಖಲೆಯಿಲ್ಲದ ವಲಸಿಗರ ಸುದ್ದಿ ಬಂದರೆ ಸಾಕು, ನಮ್ಮ ಕಡೆ ಮದುವೆಮನೆ ಪಂಕ್ತಿಯಲ್ಲೂ ‘ಕಳ್ಳದಾರೀಲಿ ಹೋದವರು, ಅನುಭವಿಸಲಿ’ ಅನ್ನುತ್ತಾರೆ. ದೊಡ್ಡವರ ವಿಷಯ ಬಿಡಿ. ಅಮ್ಮನ ಸೊಂಟದ ಮೇಲೆ ಕೂತು ಹೋದ ಕೂಸಿನ ತಪ್ಪೇನು?

ಇಂಥ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿತು. ಶಾಲೆ ಮುಗಿದ ಮೇಲೆ? ಅವರಿಗೆ ನೆಲೆ ಕೊಡಬೇಕಿದ್ದ ಡ್ರೀಮ್ ಮಸೂದೆ ಮೊದಲು ಬಂದದ್ದು 2001ರಲ್ಲಿ. 2010ರಲ್ಲಿ ಕೆಳಮನೆ ದಾಟಿ ಮೇಲ್ಮನೆ ಸೆನೆಟ್‌ನಲ್ಲಿ ಬಿತ್ತು. ಅದಕ್ಕೂ ಮೊದಲೇ, ಅದೇ ವರ್ಷ, ಹುಡುಗರು ಸುಮ್ನೆ ಕೂತಿರಲಿಲ್ಲ. ಪದವಿಯ ಗೌನು, ಟೋಪಿ ಹಾಕಿಕೊಂಡು ಸೆನೆಟರ್ ಕಚೇರಿಯಲ್ಲೇ ಧರಣಿ ಕೂತರು. ಸಿಕ್ಕಿಬಿದ್ದರೆ ಗಡಿಪಾರು ಎಂದು ಗೊತ್ತಿದ್ದೂ! 2012ರಲ್ಲಿ ಅಧ್ಯಕ್ಷರಾಗಿದ್ದ ಒಬಾಮ ಇಂಥವರಿಗೆ ‘ಡಾಕಾ’ ಎಂಬ ಯೋಜನೆ ತಂದರು. ಎರಡೆರಡು ವರ್ಷಕ್ಕೆ ಗಡಿಪಾರಿನಿಂದ ರಕ್ಷಣೆ, ಕೆಲಸದ ಪರವಾನಗಿ. ಪೌರತ್ವವೇನಲ್ಲ.

ನಮ್ಮಕ್ಕನ ಮೊಮ್ಮಗ ಅಲ್ಲೇ ಬೆಳೆದವನು, ಅವನ ಕಥೆ ಬೇರೆ. ಅಪ್ಪನದು ಎಚ್-1ಬಿ ಎಂಬ ಕೆಲಸದ ವೀಸಾ, ಎಲ್ಲ ಕಾನೂನು ಪ್ರಕಾರವೇ. ಆದರೆ 21 ತುಂಬಿದರೆ ಅಪ್ಪನ ವೀಸಾದ ಆಸರೆಯಲ್ಲಿ ಅಲ್ಲಿ ಇರುವಂತಿಲ್ಲ. ಅಲ್ಲೇ ಕಾಯಂ ಇರಲು ಬೇಕಾದ ಗ್ರೀನ್ ಕಾರ್ಡಿನ ಸಾಲು ಭಾರತೀಯರಿಗೆ ದಶಕಗಳಷ್ಟು ಉದ್ದ. ವೀಸಾ ಇದ್ದವರಿಗೆ ಡಾಕಾವೂ ಇಲ್ಲ. ಎಂಥಾ ವಿಚಿತ್ರ ಅಲ್ವಾ! ಈ ಹುಡುಗನಿಗೆ ನಮ್ಮ ಸಿಹಿತಿಂಡಿ ತೊಡೆದೇವು ಅಂದ್ರೆ ಪ್ರಾಣ, ಆದರೆ ಸಾಗರದ ಬಸ್ಸಿನ ಬೋರ್ಡು ಓದಲು ಬಾರದು. ‘ಇಲ್ಲಿಗೆ ಬಂದು ಎಂತ ಮಾಡ್ತಾನೆ ಮಾರಾಯ್ತಿ?’ ಎಂದು ಅಕ್ಕ ನನ್ನನ್ನೇ ಕೇಳುತ್ತಾಳೆ.

ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ. ಈ ವೀಸಾ ನಿಯಮಗಳನ್ನು ಅಜ್ಜ-ಅಜ್ಜಿಯರಿಗೂ ತಿಳಿಯುವ ಕನ್ನಡದಲ್ಲಿ ನಿಮ್ಮ ಪತ್ರಿಕೆ ಒಮ್ಮೆ ಬಿಡಿಸಿ ಬರೆಯಲಿ.

– ನಿವೃತ್ತ ಶಿಕ್ಷಕಿ, ಸಾಗರ